ಓಡದ ಯೂನಿಟ್ಟಿಗೂ ಒಂದು ಲೆಕ್ಕ

(ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಒಂದು ಟ್ರಸ್ಟಿನ ವಿದ್ಯಾರ್ಥಿನಿಲಯ. ಅದರ ಗೌರವ ಕಾರ್ಯದರ್ಶಿ ಬ್ಯಾಂಕಿನಿಂದ ನಿವೃತ್ತರಾದವರು. ಎದುರಿಗೆ ಕೂತವಳು ಅವರ ತಂಗಿಯ ಮಗಳು, ಕಟ್ಟಡಗಳ ವಿದ್ಯುತ್ ಬಳಕೆ ಅಳೆಯುವ ಎನರ್ಜಿ ಆಡಿಟರ್.)

ಕಾರ್ಯದರ್ಶಿ: ಈ ಕಾಗದ ನೋಡಮ್ಮ. ಒಂದು ಕಂಪನಿಯೋರು ಕೊಟ್ಟುಹೋದ್ರು. ಫ್ಯಾನು, ಲೈಟು, ಮೋಟರು ಎಲ್ಲಾ ಅವರ ದುಡ್ಡಲ್ಲೇ ಹೊಸದು ಹಾಕಿಕೊಡ್ತಾರಂತೆ. ಕರೆಂಟ್ ಬಿಲ್ಲಲ್ಲಿ ಎಷ್ಟು ಉಳಿಯುತ್ತೋ ಅದರಲ್ಲಿ ಐದು ವರ್ಷ ಅವರಿಗೆ ಪಾಲು. ಆಮೇಲೆ ಸಾಮಾನೂ ನಮ್ಮದು, ಉಳಿತಾಯಾನೂ ನಮ್ಮದು. ಬ್ಯಾಂಕಲ್ಲಿದ್ದವನು ನಾನು, ಇಷ್ಟು ಸಿಹಿಯಾದ ಮಾತು ಕೇಳಿದ್ರೆ ಮೊದಲು ಅನುಮಾನಾನೇ ಬರೋದು.

ಆಡಿಟರ್: ಅನುಮಾನ ಇರಲಿ ಮಾವ, ಆದ್ರೆ ಇದು ಮೋಸದ ಮಾತಲ್ಲ. ಎನರ್ಜಿ ಪರ್ಫಾರ್ಮೆನ್ಸ್ ಕಾಂಟ್ರ್ಯಾಕ್ಟ್ ಅಂತಾರೆ. ಕೆಲಸ ಮಾಡೋ ಕಂಪನಿಗೆ ಎಸ್ಕೋ ಅಂತ ಹೆಸರು. ನಮ್ಮ ಸೆಸ್ಕ್ ಥರ ಕರೆಂಟ್ ಮಾರೋರಲ್ಲ ಇವರು, ಕರೆಂಟ್ ಉಳಿಸಿಕೊಟ್ಟು ಅದರಲ್ಲಿ ಜೀವನ ಮಾಡೋರು. 2001ರ ಇಂಧನ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೆಹಲಿಯಲ್ಲಿ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ ಶುರುವಾಯ್ತಲ್ಲ, ಫ್ರಿಜ್ಜಿನ ಮೇಲೆ ಸ್ಟಾರ್ ಅಂಟಿಸೋ ಸಂಸ್ಥೆ, ಅವರ ಹತ್ರ ಇಂಥ ಕಂಪನಿಗಳ ಪಟ್ಟೀನೇ ಇದೆ. ಈ ಕಂಪನಿ ಅದರಲ್ಲಿ ಇದೆಯಾ ಅಂತ ಮೊದಲು ನೋಡೋಣ.

ಕಾರ್ಯದರ್ಶಿ: ಪಟ್ಟೀಲಿ ಇರ್ತಾರೆ ಅಂತಾನೇ ಇಟ್ಕೊ. ನನ್ನ ಪ್ರಶ್ನೆ ಬೇರೆ. ಓಡಿದ ಯೂನಿಟ್ಟಿಗೆ ಗೋಡೆ ಮೇಲೆ ಮೀಟರ್ ಇದೆ. ಓಡದೇ ಇದ್ದ ಯೂನಿಟ್ಟಿಗೆ ಮೀಟರ್ ಎಲ್ಲಿದೆ? ಇಷ್ಟು ಉಳೀತು ಅಂತ ಅವರು ಅಂತಾರೆ, ಇಲ್ಲ ಅಂತ ನಾವು ಅಂತೀವಿ. ಸಾಕ್ಷಿ ಯಾರು?

ಆಡಿಟರ್: ಇಡೀ ವ್ಯವಹಾರ ನಿಂತಿರೋದೇ ಅದರ ಮೇಲೆ. ನಿಮ್ಮನೇಲಿ ಉಚಿತ ಕರೆಂಟಿನ ಗೃಹಜ್ಯೋತಿ ಇದೆಯಲ್ಲ, ಅದನ್ನ ಹೇಗೆ ಲೆಕ್ಕ ಹಾಕಿದ್ರು ಹೇಳಿ.

ಕಾರ್ಯದರ್ಶಿ: 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತು ಅಂತ ತಗೊಂಡ್ರು. ಅದರ ಮೇಲೆ ಹತ್ತು ಪರ್ಸೆಂಟ್ ಸೇರಿಸಿದ್ರು. ಅಷ್ಟರೊಳಗೆ ಇದ್ರೆ ಬಿಲ್ ಇಲ್ಲ, 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್. ಆ ವರ್ಷ ನಾವು ಮಗಳ ಬಾಣಂತನಕ್ಕೆ ಬೆಂಗಳೂರಲ್ಲಿದ್ವಿ, ಮನೆಗೆ ಬೀಗ. ನಮ್ಮ ಸರಾಸರಿ ತೀರಾ ಕಮ್ಮಿ ಬಂದುಬಿಡ್ತು.

ಆಡಿಟರ್: ನೋಡಿ, ನೀವೇ ಹೇಳಿಬಿಟ್ರಿ. ಯಾವ ವರ್ಷವನ್ನ ಅಳತೆಗೋಲು ಮಾಡ್ಕೋತೀವೋ ಅದರ ಮೇಲೇ ಮುಂದಿನದೆಲ್ಲ ತೀರ್ಮಾನ ಆಗೋದು. ನಮ್ಮ ಕೆಲಸದಲ್ಲಿ ಅದಕ್ಕೆ ಬೇಸ್‌ಲೈನ್ ಅಂತೀವಿ. ಫ್ಯಾನು ಯಾವ ಕಂಪನೀದು, ಬಲ್ಬಿಗೆ ಎಷ್ಟು ವರ್ಷ ಗ್ಯಾರಂಟಿ ಅಂತ ಎಲ್ಲರೂ ಕೇಳ್ತಾರೆ. ಹಳೇ ಲೆಕ್ಕ ಯಾರು ಬರೆದಿದ್ದು ಅಂತ ಯಾರೂ ಕೇಳಲ್ಲ. ಈ ಕಾಗದದಲ್ಲಿ ಬೇಸ್‌ಲೈನ್ ಕಂಪನಿಯೇ ಬರ್ಕೊಂಡಿದೆ. ನನಗೆ ಇಷ್ಟ ಆಗದೇ ಇರೋದು ಅದು.

ಕಾರ್ಯದರ್ಶಿ: ಬೇರೆ ಯಾರು ಬರೀಬೇಕಿತ್ತು? ನಮ್ಮಲ್ಲಿ ಅದೆಲ್ಲ ಗೊತ್ತಿರೋರು ಯಾರಿದ್ದಾರೆ?

ಆಡಿಟರ್: ಇದೇ ಜಗಳ ಇನ್ನೂರೈವತ್ತು ವರ್ಷದ ಹಿಂದೇನೇ ಆಗಿದೆ ಮಾವ. ಜೇಮ್ಸ್ ವಾಟ್ ಗೊತ್ತಲ್ಲ, ಉಗಿ ಯಂತ್ರದವನು. ಅವನು, ಅವನ ಪಾಲುದಾರ ಮ್ಯಾಥ್ಯೂ ಬೌಲ್ಟನ್ ಸೇರಿ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಿಗೆ ನೀರೆತ್ತೋ ಯಂತ್ರ ಹಾಕಿಕೊಟ್ರು. ಅಲ್ಲಿ ತಾಮ್ರ, ತವರದ ಗಣಿ. ಕಲ್ಲಿದ್ದಲು ಹೊರಗಡೆಯಿಂದ ತರಿಸ್ಬೇಕು, ದುಬಾರಿ. ಇವರು ಕೇಳಿದ್ದು ಏನು ಗೊತ್ತಾ? ಹಳೇ ನ್ಯೂಕಮೆನ್ ಯಂತ್ರ ಇಷ್ಟೇ ನೀರೆತ್ತೋಕೆ ಎಷ್ಟು ಕಲ್ಲಿದ್ದಲು ತಿಂತಿತ್ತು, ನಮ್ಮದು ಎಷ್ಟು ತಿನ್ನುತ್ತೆ, ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲು ನಮಗೆ ಕೊಡಿ ಅಂತ.

ಕಾರ್ಯದರ್ಶಿ: ಆಹಾ! ಈ ಕಾಗದದಲ್ಲಿರೋದೂ ಅದೇ ತಾನೇ.

ಆಡಿಟರ್: ಅದೇ. ಹಳೇ ಯಂತ್ರ ಎಷ್ಟು ತಿಂತಿತ್ತು ಅನ್ನೋದಕ್ಕೆ ಪರೀಕ್ಷೆ ನಡೆಸಿ ಅಂಕಿ ನಿಗದಿ ಮಾಡಿದ್ರು. ಹೊಸ ಯಂತ್ರ ಎಷ್ಟು ಸಲ ಮೇಲೆ ಕೆಳಗೆ ಆಡ್ತು ಅಂತ ಎಣಿಸೋಕೆ ಅದರ ತೊಲೆಗೇ ಒಂದು ಎಣಿಕೆ ಯಂತ್ರ ಕೂರಿಸಿ, ಪೆಟ್ಟಿಗೇಲಿಟ್ಟು ಬೀಗ ಹಾಕಿದ್ರು. ಗಣಿಯೋರು ಮುಟ್ಟೋ ಹಾಗಿಲ್ಲ. ಅಷ್ಟಾದ್ರೂ ಜಗಳ ತಪ್ಪಲಿಲ್ಲ. ಶುರುವಲ್ಲಿ ಸಂತೋಷವಾಗಿ ಕೊಡ್ತಿದ್ದೋರಿಗೆ ವರ್ಷ ಕಳೀತಾ ಕಳೀತಾ ಆ ಪಾಲು ಭಾರ ಅನ್ನಿಸ್ತು. ಹಳೇ ಯಂತ್ರ ಕಣ್ಮುಂದೆ ಇಲ್ಲವಲ್ಲ, ಅದು ತಿಂತಿದ್ದ ಕಲ್ಲಿದ್ದಲನ್ನ ಎಲ್ಲರೂ ಮರೆತುಬಿಟ್ರು. ಎಷ್ಟೋ ಕಡೆ ಎಣಿಸೋ ಗೋಜೇ ಬೇಡ ಅಂತ ವರ್ಷಕ್ಕಿಷ್ಟು ಅಂತ ನಿಗದಿ ಮಾಡ್ಕೊಂಡ್ರು. 1800ರಲ್ಲಿ ಪೇಟೆಂಟ್ ಮುಗಿಯೋವರೆಗೂ ಹೀಗೇ ನಡೀತು.

ಕಾರ್ಯದರ್ಶಿ: ಬೀಗದ ಪೆಟ್ಟಿಗೆ ಮಾತು ನನಗೆ ಹಿಡಿಸ್ತು. ಬೀಗದ ಕೈ ಒಬ್ಬರ ಹತ್ರಾನೇ ಇದ್ರೆ ಲಾಕರ್ರೂ ಅಲ್ಲ, ಲೆಕ್ಕಾನೂ ಅಲ್ಲ.

ಆಡಿಟರ್: ಈಗ ಈ ಅಂಕಿ ನೋಡಿ. ಕಂಪನಿ ನಿಮ್ಮ ಹನ್ನೆರಡು ತಿಂಗಳ ಬಿಲ್ ತಗೊಂಡು ಸರಾಸರಿ ಮಾಡಿದೆ. ಆ ಹನ್ನೆರಡು ತಿಂಗಳಲ್ಲಿ ಎಷ್ಟು ಹುಡುಗರಿದ್ರು, ಅಡುಗೆಮನೆ ಎಷ್ಟು ದಿನ ನಡೀತು ಅಂತ ಎಲ್ಲೂ ಬರೆದಿಲ್ಲ. ಮುಂದಿನ ವರ್ಷ ಮೂವತ್ತು ಹುಡುಗರು ಕಮ್ಮಿ ಸೇರಿದ್ರೆ ಬಿಲ್ ತಾನಾಗೇ ಇಳಿಯುತ್ತೆ, ಆಗ ಅದರಲ್ಲೂ ಅವರಿಗೆ ಪಾಲು ಕೊಡ್ತೀರಾ? ಮೇಲಿನ ಮಹಡೀಲಿ ಕಂಪ್ಯೂಟರ್ ಕೋಣೆ ಮಾಡಿದ್ರೆ ಬಿಲ್ ಏರುತ್ತೆ, ಆಗ ಅವರು ನಷ್ಟ ಹೊರ್ತಾರಾ? 2020ರ ಮಾರ್ಚ್ ನೆನಪಿಸ್ಕೊಳ್ಳಿ. ಲಾಕ್‌ಡೌನ್‌ಗೆ ಹುಡುಗರೆಲ್ಲ ಊರಿಗೆ ಹೋದ್ರು, ಕಟ್ಟಡ ಕತ್ತಲೆ. ಹಳೇ ಸರಾಸರಿಗೂ ಆ ತಿಂಗಳ ಬಿಲ್ಲಿಗೂ ಇರೋ ವ್ಯತ್ಯಾಸವೆಲ್ಲ ಉಳಿತಾಯ ಅಂತ ಕರೆದಿದ್ರೆ, ಖಾಲಿ ಕಟ್ಟಡಕ್ಕೆ ನೀವು ಕಂಪನಿಗೆ ದುಡ್ಡು ಕಟ್ಟಬೇಕಾಗ್ತಿತ್ತು. ಹುಡುಗರ ಸಂಖ್ಯೆ, ರಜಾ ದಿನ, ಹೊಸದಾಗಿ ಸೇರಿದ ಉಪಕರಣ, ಇಷ್ಟಕ್ಕೆ ತಕ್ಕಂತೆ ಬೇಸ್‌ಲೈನ್ ಏರಿಸೋದು ಇಳಿಸೋದು ಹೇಗೆ ಅಂತ ಒಪ್ಪಂದದಲ್ಲೇ ಬರೀಬೇಕು.

ಕಾರ್ಯದರ್ಶಿ: ಕರೆಂಟ್ ದರಾನೂ ಒಂದೇ ಥರ ಇರಲ್ಲವಲ್ಲ.

ಆಡಿಟರ್: ಅದಕ್ಕೇ ಲೆಕ್ಕ ರೂಪಾಯೀಲಿ ಇರಬಾರದು, ಯೂನಿಟ್ಟಲ್ಲಿ ಇರಬೇಕು. ದರ ನಿಗದಿ ಮಾಡೋದು ವಿದ್ಯುತ್ ನಿಯಂತ್ರಣ ಆಯೋಗ, ಅದು ನಿಮ್ಮ ಕೈಲೂ ಇಲ್ಲ, ಕಂಪನಿ ಕೈಲೂ ಇಲ್ಲ. ಬಿಲ್ಲಲ್ಲಿ ನಿಗದಿತ ಶುಲ್ಕ ಅಂತ ಒಂದು ಸಾಲಿದೆ ನೋಡಿ, ಮಂಜೂರಾದ ಲೋಡಿನ ಮೇಲೆ ಹಾಕೋದು. ಯೂನಿಟ್ ಎಷ್ಟೇ ಉಳಿಸಿದ್ರೂ ಅದು ತಾನಾಗಿ ಇಳಿಯಲ್ಲ. ಲೋಡ್ ಕಮ್ಮಿ ಮಾಡಿ ಅಂತ ಸೆಸ್ಕ್‌ಗೆ ಅರ್ಜಿ ಕೊಟ್ರೆ ಮಾತ್ರ ಇಳಿಯೋದು. ಬಿಲ್ಲಿನ ಮೊತ್ತ ಪೂರ್ತಿ ತಗೊಂಡು ಇಷ್ಟು ಪರ್ಸೆಂಟ್ ಉಳಿಸ್ತೀವಿ ಅಂತ ಈ ಕಾಗದ ಹೇಳುತ್ತಲ್ಲ, ಅಲ್ಲಿ ಈ ಶುಲ್ಕವನ್ನೂ ಸೇರಿಸಿಬಿಟ್ಟಿದ್ದಾರೆ.

ಕಾರ್ಯದರ್ಶಿ: ನಾನು ಅದನ್ನ ಗಮನಿಸಿರ್ಲಿಲ್ಲ. ಸರಿ, ಫ್ಯಾನಿನ ಲೆಕ್ಕಾನಾದ್ರೂ ಸರಿಯಿದೆಯಾ?

ಆಡಿಟರ್: ಗುಣಾಕಾರ ಸರಿ ಇದೆ. ನಿಮ್ಮಲ್ಲಿ 120 ಫ್ಯಾನು. ಹಳೇ ಫ್ಯಾನು ಫುಲ್ ಸ್ಪೀಡಲ್ಲಿ 75 ವ್ಯಾಟ್ ಎಳೆಯುತ್ತೆ, ಕಂಪನಿ ಹಾಕೋ ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಒಂದಕ್ಕೆ 45 ಉಳಿದ್ರೆ 120ಕ್ಕೆ 5,400 ವ್ಯಾಟ್. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಅಂದ್ರೆ 12,960 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಅಂದ್ಕೊಂಡ್ರೆ ವರ್ಷಕ್ಕೆ 1,03,680 ರೂಪಾಯಿ. ಫ್ಯಾನಿಗೆ 3,000ದ ಹಾಗೆ 3,60,000 ಹಾಕಿದ್ರೆ ಮೂರೂವರೆ ವರ್ಷದಲ್ಲಿ ಅಸಲು ವಾಪಸ್ಸು.

ಕಾರ್ಯದರ್ಶಿ: ಒಳ್ಳೇದೇ ಅಲ್ವಾ?

ಆಡಿಟರ್: ಇದು ಚೆನ್ನೈಗೆ ಒಳ್ಳೇದು. ಮೈಸೂರಲ್ಲಿ ಯಾರು ಮಾವ 300 ದಿನ ಎಂಟೆಂಟು ಗಂಟೆ ಫ್ಯಾನನ್ನ ಫುಲ್ ಸ್ಪೀಡಲ್ಲಿ ತಿರುಗಿಸ್ತಾರೆ? ಮಾರ್ಚಿಂದ ಮೇ ತನಕ ಸರಿ. ಮಳೆ ಹಿಡಿದ ಮೇಲೆ ಎರಡರಲ್ಲೋ ಮೂರರಲ್ಲೋ ಇಟ್ಕೋತಾರೆ, ಡಿಸೆಂಬರಲ್ಲಿ ಮುಟ್ಟೋದೇ ಇಲ್ಲ. ಸ್ಪೀಡ್ ಇಳಿಸಿದಾಗ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇರೋ ಹಳೇ ಫ್ಯಾನೂ ಕಮ್ಮೀನೇ ಎಳೆಯುತ್ತೆ. ಬಿಸಿಯಾಗೋ ದಪ್ಪ ಡಬ್ಬಿ ರೆಗ್ಯುಲೇಟರ್ ಇನ್ನೂ ಕೆಲವು ಕೋಣೇಲಿದೆ, ಅದರ ಕಥೆ ಬೇರೆ, ಉಳಿದ ಕರೆಂಟನ್ನ ಅದು ಶಾಖ ಮಾಡಿ ಸುಟ್ಟುಬಿಡುತ್ತೆ. ಇನ್ನೊಂದು, ಬಿಎಲ್‌ಡಿಸಿ ಫ್ಯಾನಿಗೆ ರಿಮೋಟ್ ಬರುತ್ತೆ. ಹಾಸ್ಟೆಲ್ಲಲ್ಲಿ ರಿಮೋಟ್ ಎಷ್ಟು ದಿನ ಉಳಿಯುತ್ತೆ? ಗೋಡೆ ಸ್ವಿಚ್ಚಲ್ಲೇ ಸ್ಪೀಡ್ ಬದಲಾಗೋ ಮಾದರಿ ಬೇಕು ಅಂತ ಬರೆಸಿ.

ಲೈಟಿನ ಮಾತು ಬೇರೆ. ನಲವತ್ತು ವ್ಯಾಟಿನ ಹಳೇ ಟ್ಯೂಬ್‌ಲೈಟು ಚೋಕ್ ಸೇರಿ ಸುಮಾರು 55 ಎಳೆಯುತ್ತೆ, ಎಲ್‌ಇಡಿ 20ರಲ್ಲಿ ಅಷ್ಟೇ ಬೆಳಕು ಕೊಡುತ್ತೆ. ಮಳೆಗಾಲ ಆಗಲಿ ಬೇಸಿಗೆ ಆಗಲಿ ಸಂಜೆ ಆರೂವರೆಗೆ ಲೈಟ್ ಹಾಕ್ಲೇಬೇಕು, ಹನ್ನೊಂದರವರೆಗೆ ಓದ್ಲೇಬೇಕು. ಆ ಲೆಕ್ಕವನ್ನ ಕಣ್ಮುಚ್ಚಿಕೊಂಡು ನಂಬಬಹುದು.

ಕಾರ್ಯದರ್ಶಿ: ನೀನು ಬೆಳಗ್ಗೆ ಸಂಪಿನ ಹತ್ರ ತುಂಬಾ ಹೊತ್ತು ನಿಂತಿದ್ದೆ. ಏನು ನೋಡ್ತಿದ್ದೆ?

ಆಡಿಟರ್: ಈ ಕಟ್ಟಡದ ದೊಡ್ಡ ಕಳ್ಳ ಅಲ್ಲಿದಾನೆ. ನಿಮ್ಮ ವಾಚ್‌ಮನ್ ಮೋಟರ್ ಹಾಕೋ ಮುಂಚೆ ಒಂದು ಬಕೆಟ್ ನೀರು ತಂದು ಪಂಪಿನ ಬಾಯಿಗೆ ಹುಯ್ದರು. ಯಾಕೆ ಅಂತ ಕೇಳಿದ್ರೆ, ದಿನಾ ಹಿಂಗೇ ಮೇಡಂ, ಇಲ್ದಿದ್ರೆ ನೀರೆತ್ತಲ್ಲ ಅಂದ್ರು. ಅಂದ್ರೆ ಕೆಳಗೆ ಫುಟ್‌ವಾಲ್ವ್ ಸೋರ್ತಾ ಇದೆ, ರಾತ್ರಿಯೆಲ್ಲ ಪೈಪಿನ ನೀರು ವಾಪಸ್ ಸಂಪಿಗೆ ಇಳಿಯುತ್ತೆ. ಮೋಟರಿಗೆ ಮೂರು ಸಲ ವೈಂಡಿಂಗ್ ಮಾಡಿಸಿದೀವಿ ಅಂತಾನೂ ಅಂದ್ರು. ಸುಟ್ಟ ಮೋಟರಿಗೆ ಸರಿಯಾಗಿ ವೈಂಡಿಂಗ್ ಮಾಡದೇ ಇದ್ರೆ ಅದು ಮೊದಲಿಗಿಂತ ಜಾಸ್ತಿ ಕರೆಂಟ್ ತಿನ್ನುತ್ತೆ, ಕೈಯಿಟ್ಟು ನೋಡಿ, ಸುಡುತ್ತೆ. ಕ್ಲಾಂಪ್ ಮೀಟರ್ ಹಾಕಿದೆ, ಗಡಿಯಾರ ಹಿಡಿದೆ. ಮೇಲಿನ 10,000 ಲೀಟರ್ ಟ್ಯಾಂಕ್ ತುಂಬೋಕೆ ಒಂದು ಗಂಟೆ, ಓಡಿದ್ದು ಎರಡು ಯೂನಿಟ್. ಅಷ್ಟು ನೀರನ್ನ 18 ಮೀಟರ್ ಮೇಲೆತ್ತೋಕೆ ನಿಜಕ್ಕೂ ಬೇಕಾದ ಶಕ್ತಿ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಕಮ್ಮಿ. ಅಂದ್ರೆ ನಾಲ್ಕು ಪಾಲಲ್ಲಿ ಮೂರು ಪಾಲು ಶಾಖವಾಗಿ, ಸದ್ದಾಗಿ ಹೋಗ್ತಿದೆ. ಒಳ್ಳೇ ಪಂಪಾದ್ರೆ ಒಂದೇ ಯೂನಿಟ್ಟಲ್ಲಿ ಕೆಲಸ ಮುಗಿಸುತ್ತೆ. ಹೊಂಗಳ್ಳಿ, ಬೆಳಗೊಳದಿಂದ ಪಂಪು ಮಾಡಿಸ್ಕೊಂಡು ಊರಿಗೆ ಬರೋ ನೀರಿದು. ನಿಮ್ಮ ಮೂರನೇ ಮಹಡಿ ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕಿದ್ರೆ ಎರಡು ಕಡೆ ಕರೆಂಟ್ ದಂಡ.

ಕಾರ್ಯದರ್ಶಿ: ಫುಟ್‌ವಾಲ್ವ್ ಬದಲಾಯಿಸೋಕೆ ಐದು ವರ್ಷದ ಒಪ್ಪಂದ ಯಾಕೆ ಬೇಕು? ನಾಳೇನೇ ಪ್ಲಂಬರ್ ಕರೀತೀನಿ.

ಆಡಿಟರ್: ಕರೀರಿ, ಆದ್ರೆ ಇವತ್ತಿನ ಅಳತೆ ಬರೆದಿಟ್ಟು ಕರೀರಿ. ಪಂಪಿನ ಥರದ್ದಕ್ಕೆ ಬೇರೆ ಮೀಟರ್ ಹಾಕಿ ಮುಂಚೆ ಎಷ್ಟು, ಆಮೇಲೆ ಎಷ್ಟು ಅಂತ ನೇರವಾಗಿ ಅಳೀಬಹುದು, ತಕರಾರಿಗೆ ಜಾಗವೇ ಇಲ್ಲ. ಇಡೀ ಕಟ್ಟಡದ ಬಿಲ್ ಇಟ್ಕೊಂಡು ಅಳೆಯೋಕೆ ಹೋದ್ರೆ ಹುಡುಗರ ಸಂಖ್ಯೆ, ಹವೆ, ಪರೀಕ್ಷೆ ಎಲ್ಲಾ ಬಂದು ಬೆರೆಯುತ್ತೆ. ಸಣ್ಣ ಜಾಗಕ್ಕೆ ಬೇರೆ ಮೀಟರೇ ಸರಿ ಅಂತ ನನ್ನ ಅಭಿಪ್ರಾಯ.

ಕಾರ್ಯದರ್ಶಿ: ಸಾಲದ ಕಡೆಯಿಂದ ನೋಡೋಣ. ಕಂಪನಿಗೆ ಈ ದುಡ್ಡು ಎಲ್ಲಿಂದ ಬರುತ್ತೆ? ಬ್ಯಾಂಕಿಂದಾನೇ. ನಾನು ಮ್ಯಾನೇಜರ್ ಆಗಿದ್ರೆ ಅಡಮಾನ ಏನು ಅಂತ ಕೇಳ್ತಿದ್ದೆ. ಕಂತು ನಿಂತ್ರೆ ಹುಡುಗರ ತಲೆ ಮೇಲಿರೋ ಫ್ಯಾನ್ ಬಿಚ್ಚಿ ಹರಾಜು ಹಾಕೋಕಾಗುತ್ತಾ?

ಆಡಿಟರ್: ಎಲ್ಲಾ ಬ್ಯಾಂಕಿನೋರೂ ಅದನ್ನೇ ಕೇಳೋದು. ಅದಕ್ಕೇ ಸಣ್ಣ ಕೈಗಾರಿಕೆಗಳ ಬ್ಯಾಂಕ್ ಸಿಡ್ಬಿ ಮೂಲಕ, ವಿಶ್ವಬ್ಯಾಂಕಿನ ನೆರವಲ್ಲಿ, ಇಂಥ ಸಾಲದ ಒಂದು ಭಾಗಕ್ಕೆ ಖಾತರಿ ಕೊಡೋ ವ್ಯವಸ್ಥೆ ಮಾಡಿದ್ರು. ಒಪ್ಪಂದದಲ್ಲೂ ಎರಡು ದಾರಿ ಇದೆ. ಒಂದರಲ್ಲಿ ಸಾಲ ಕಂಪನೀದು, ಉಳಿತಾಯ ಹಂಚ್ಕೊಳ್ಳೋದು, ನಿಮಗೆ ಬಂದಿರೋದು ಅದು. ಇನ್ನೊಂದರಲ್ಲಿ ಸಾಲ ನಿಮ್ಮದು, ಇಷ್ಟು ಯೂನಿಟ್ ಉಳಿಸೇ ಉಳಿಸ್ತೀವಿ ಅಂತ ಕಂಪನಿ ಖಾತರಿ ಬರ್ಕೊಡುತ್ತೆ, ಕಮ್ಮಿಯಾದ್ರೆ ಕೈಯಿಂದ ತುಂಬಿಕೊಡುತ್ತೆ. ನಿಮ್ಮ ಟ್ರಸ್ಟಿಗೆ ಕಮ್ಮಿ ಬಡ್ಡೀಲಿ ಸಾಲ ಹುಟ್ಟೋ ಹಾಗಿದ್ರೆ ಎರಡನೇದರಲ್ಲಿ ನಿಮಗೆ ಉಳಿಯೋದು ಜಾಸ್ತಿ. ಸ್ವಂತ ಬಂಡವಾಳ ಇದ್ದೋರಿಗೆ ಇದಾವುದೂ ಬೇಕಿಲ್ಲ. ಇಲ್ಲೇ ಹೆಬ್ಬಾಳದಲ್ಲಿ ಕ್ಯಾಂಪಸ್ ಇರೋ ಇನ್ಫೋಸಿಸ್ ನೋಡಿ, 2008ರಿಂದ ಹತ್ತು ವರ್ಷದಲ್ಲಿ ತಲಾ ವಿದ್ಯುತ್ ಬಳಕೇನ ಅರ್ಧಕ್ಕಿಂತ ಕೆಳಗೆ ಇಳಿಸಿದ್ರು. ಅವರ ಹತ್ರ ಎಂಜಿನಿಯರ್‌ಗಳಿದ್ರು, ದುಡ್ಡಿತ್ತು, ಮೂಲೆ ಮೂಲೆಗೂ ಮೀಟರಿತ್ತು. ದುಡ್ಡಿಲ್ಲದ ಸರ್ಕಾರಿ ಶಾಲೆ, ಆಸ್ಪತ್ರೆ, ಹಾಸ್ಟೆಲ್ಲಿಗೇ ಈ ಪದ್ಧತಿ ಬೇಕಾಗಿರೋದು. ತಲುಪದೇ ಇರೋದೂ ಅವರಿಗೇ. ನನಗೆ ಹೊಟ್ಟೆ ಉರಿಯೋದು ಅದಕ್ಕೆ.

ಕಾರ್ಯದರ್ಶಿ: ಸರ್ಕಾರಿ ಕಟ್ಟಡಕ್ಕೆ ಯಾಕೆ ತಲುಪಲ್ಲ? ಅಲ್ಲೇ ಅಲ್ವಾ ಹಗಲೊತ್ತು ಲೈಟ್ ಉರಿಯೋದು.

ಆಡಿಟರ್: ಕರೆಂಟ್ ಬಿಲ್ಲಿನ ಹಣ ಬರೋದು ಒಂದು ಲೆಕ್ಕ ಶೀರ್ಷಿಕೇಲಿ, ಉಪಕರಣ ಕೊಳ್ಳೋ ಹಣ ಇನ್ನೊಂದರಲ್ಲಿ. ಬಿಲ್ಲಲ್ಲಿ ಉಳಿಸಿದ್ದನ್ನ ಕಂಪನಿಗೆ ಕೊಡ್ತೀನಿ ಅಂದ್ರೆ ಆಡಿಟ್ ಆಕ್ಷೇಪಣೆ ಬರುತ್ತೆ. ಕೊಡದೇ ಇಟ್ಕೊಂಡ್ರೆ ಮುಂದಿನ ವರ್ಷ ಅನುದಾನಾನೇ ಅಷ್ಟು ಕಡಿತ. ಟೆಂಡರಲ್ಲಿ ಕಮ್ಮಿ ಬೆಲೆಯೋರಿಗೆ ಕೆಲಸ, ಆದ್ರೆ ಇಲ್ಲಿ ಬೆಲೇನೇ ಇಲ್ಲ, ಪಾಲಿದೆ. ಹತ್ತು ಗಂಟೆಯಿಂದ ಐದೂವರೆವರೆಗೆ ಅಲ್ಲಿ ಕೂರೋ ಅಧಿಕಾರಿಗೆ ಇದರಿಂದ ಬರೋದು ತಲೆನೋವು ಮಾತ್ರ.

ಅದಕ್ಕೇ ಕೇಂದ್ರ ಸರ್ಕಾರ 2009ರಲ್ಲಿ ಇಇಎಸ್‌ಎಲ್ ಅಂತ ಸಾರ್ವಜನಿಕ ವಲಯದ್ದೇ ಒಂದು ಎಸ್ಕೋ ಮಾಡ್ತು. 2015ರಲ್ಲಿ ಶುರುವಾದ ಎಲ್‌ಇಡಿ ಬಲ್ಬ್ ಯೋಜನೆ ಅವರದ್ದೇ, ನಮ್ಮ ರಾಜ್ಯದಲ್ಲಿ ಅದಕ್ಕೆ ‘ಹೊಸ ಬೆಳಕು’ ಅಂತ ಹೆಸರಿತ್ತು. ಒಟ್ಟಿಗೆ ಕೋಟಿಗಟ್ಟಲೆ ಬಲ್ಬ್ ಕೊಂಡಿದ್ದಕ್ಕೆ 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ 2016ರಲ್ಲಿ 38ಕ್ಕೆ ಇಳೀತು. ಮಂಡ್ಯ ಜಿಲ್ಲೆ ಮಳವಳ್ಳಿ ಕಡೆ ನಮ್ಮ ಸೆಸ್ಕ್ ಜೊತೆ ಸೇರಿ ರೈತರ ಸಾವಿರಕ್ಕೂ ಹೆಚ್ಚು ಹಳೇ ಪಂಪ್‌ಸೆಟ್ ತೆಗೆದು ಹೊಸದು ಕೂರಿಸಿದ್ರು.

ಕಾರ್ಯದರ್ಶಿ: ರೈತರಿಗೆ ಹತ್ತು ಎಚ್.ಪಿ.ವರೆಗೆ ಕರೆಂಟ್ ಉಚಿತ ಅಲ್ವಾ? ಉಳಿಸಿ ಅವರಿಗೇನು ಲಾಭ?

ಆಡಿಟರ್: ಸರಿಯಾಗಿ ಹಿಡಿದ್ರಿ. ಉಳಿದ ಕರೆಂಟಿನ ಲಾಭ ಸೆಸ್ಕ್‌ಗೆ, ಸಹಾಯಧನ ಕೊಡೋ ಸರ್ಕಾರಕ್ಕೆ. ರೈತನಿಗೆ ಸಿಕ್ಕಿದ್ದು ಹೊಸ ಪಂಪು. ಆ ಪಂಪನ್ನ ಚೆನ್ನಾಗಿ ನೋಡ್ಕೊಳ್ಳೋಕೆ ಅವನಿಗೆ ಬೇರೆ ಕಾರಣ ಬೇಕು. ನಿಮ್ಮ ಹುಡುಗರೂ ಹಾಗೇ, ಬಿಲ್ ಕಟ್ಟೋರು ಅವರಲ್ಲ. ಎರಡನೇ ಮಹಡೀಲಿ ಮೂರು ಕೋಣೇಲಿ ಬಾಗಿಲಿಗೆ ಬೀಗ ಇತ್ತು, ಒಳಗೆ ಫ್ಯಾನ್ ತಿರುಗ್ತಾ ಇತ್ತು. ಒಂದರಲ್ಲಿ ಕಾಯಿಲ್ ಕೂಡ ಕಂಡೆ, ಬಕೆಟ್ಟಲ್ಲಿ ನೀರು ಕಾಯಿಸೋದು. ಹೆಸರು ಕೇಳ್ಬೇಡಿ, ಹೇಳಲ್ಲ. ಉಳಿದದ್ದರಲ್ಲಿ ಒಂದು ಪಾಲು ಹುಡುಗರ ಗ್ರಂಥಾಲಯಕ್ಕೋ ಭಾನುವಾರದ ಊಟಕ್ಕೋ ಅಂತ ಬರೆದಿಡಿ, ತಿಂಗಳ ಯೂನಿಟ್ ಊಟದ ಹಾಲಲ್ಲಿ ಹಾಕಿ. ಕಂಪನಿ ತಂದು ಕೂರಿಸೋ ಯಾವ ಸಾಮಾನಿಗಿಂತಲೂ ಅದು ಕಮ್ಮಿಯಲ್ಲ.

ಕಾರ್ಯದರ್ಶಿ: ಬೆಂಗಳೂರಲ್ಲಿ ಬೀದಿದೀಪಕ್ಕೂ ಹೀಗೇ ಏನೋ ಮಾಡಿದ್ರಲ್ಲ?

ಆಡಿಟರ್: 2019ರಲ್ಲಿ. 4.85 ಲಕ್ಷ ಬೀದಿದೀಪ ಎಲ್‌ಇಡಿಗೆ ಬದಲಾಯಿಸೋದು, ಉಳಿದ ವಿದ್ಯುತ್ ಬಿಲ್ಲಿನ ಹಣದಲ್ಲೇ ಖಾಸಗಿಯೋರಿಗೆ ಕೊಡೋದು ಅಂತ ಪಾಲಿಕೆ ಒಪ್ಪಂದ ಮಾಡ್ಕೊಂಡಿತ್ತು. ಕೆಲಸ ಮುಂದಕ್ಕೆ ಹೋಗಲಿಲ್ಲ, ಕೊನೆಗೆ ಒಪ್ಪಂದವೇ ರದ್ದಾಯ್ತು. ಇಇಎಸ್‌ಎಲ್‌ಗೂ ಎಷ್ಟೋ ರಾಜ್ಯದ ನಗರಸಭೆ, ಪಂಚಾಯ್ತಿಗಳಿಂದ ಬೀದಿದೀಪದ ಬಾಕಿ ದೊಡ್ಡ ಮೊತ್ತದಲ್ಲಿ ನಿಂತುಹೋಗಿತ್ತು. ದೀಪ ಉರಿಯುತ್ತೆ, ಬಿಲ್ ಇಳಿಯುತ್ತೆ, ಇಳಿದ ಹಣ ಬೇರೆ ಖರ್ಚಿಗೆ ಹೋಗುತ್ತೆ. ಕಾರ್ನ್‌ವಾಲಿನ ಗಣಿಯೋರು ಮಾಡಿದ್ದೂ ಅದನ್ನೇ. ನೀವು ಸಹಿ ಹಾಕೋದಾದ್ರೆ ಉಳಿತಾಯದ ಹಣಕ್ಕೆ ಬೇರೆ ಖಾತೆ ತೆಗೀರಿ, ಅಡುಗೆಮನೆ ಖರ್ಚಿಗೆ ಅದನ್ನ ಮುಟ್ಟೋ ಹಾಗಿರಬಾರದು.

ಕಾರ್ಯದರ್ಶಿ: ಸಹಿ ಹಾಕು ಅಂತೀಯೋ, ಬೇಡ ಅಂತೀಯೋ?

ಆಡಿಟರ್: ಹಾಕಿ ಅಂತೀನಿ, ಆದ್ರೆ ಈ ಕಾಗದಕ್ಕಲ್ಲ. ಮೊದಲು ಹಳೇ ಲೆಕ್ಕ ನಾವು ಬರೆಯೋಣ. ನಿಮ್ಮ ಆರ್.ಆರ್. ನಂಬರಿನ ಮೂರು ವರ್ಷದ ಬಿಲ್, ಪ್ರತಿ ತಿಂಗಳ ಹಾಜರಾತಿ ಪುಸ್ತಕ, ಪಂಪಿಗೊಂದು ಅಡುಗೆಮನೆಗೊಂದು ಬೇರೆ ಮೀಟರ್. ಮೂರು ತಿಂಗಳು ಹೀಗೆ ಬರೆದು ಆಮೇಲೆ ಕಂಪನಿಯೋರನ್ನ ಕರೀರಿ. ಒಂದು ಮಾತು ಮುಂಚೇನೇ ಹೇಳಿಬಿಡ್ತೀನಿ, ನಿಮ್ಮೊಂದು ಕಟ್ಟಡ ಅವರಿಗೆ ಚಿಕ್ಕದು. ಅಳತೆ, ಕಾಗದಪತ್ರ, ಓಡಾಟದ ಖರ್ಚಲ್ಲೇ ಲಾಭ ಕರಗುತ್ತೆ, ಅದಕ್ಕೇ ಪಾಲು ಜಾಸ್ತಿ ಕೇಳಿದ್ದಾರೆ. ಮೈಸೂರಲ್ಲಿ ಟ್ರಸ್ಟ್ ಹಾಸ್ಟೆಲ್‌ಗಳಿಗೆ ಬರವಿಲ್ಲ. ಐದಾರು ಸಂಸ್ಥೆಯೋರು ಸೇರಿ ಒಂದೇ ಟೆಂಡರ್ ಕರೆದ್ರೆ ಮಾತಿನ ಧಾಟೀನೇ ಬದಲಾಗುತ್ತೆ.

ಕಾರ್ಯದರ್ಶಿ: ಸರಸ್ವತಿಪುರಂ ಹಾಸ್ಟೆಲ್ಲಿನ ಕಾರ್ಯದರ್ಶಿ ನನ್ನ ಜೊತೆ ಬ್ಯಾಂಕಲ್ಲಿದ್ದೋರು. ಕೇಳಿ ನೋಡ್ತೀನಿ. ಬಿಲ್ಲುಗಳು ಫೈಲಲ್ಲಿವೆ, ಎರಡು ತಿಂಗಳದ್ದು ಮಾತ್ರ ಸಿಗ್ತಿಲ್ಲ.

ಆಡಿಟರ್: ಸೆಸ್ಕ್ ಉಪವಿಭಾಗದಲ್ಲಿ ಕೇಳಿದ್ರೆ ಲೆಡ್ಜರಿಂದ ತೆಗೆದುಕೊಡ್ತಾರೆ. ಮಧ್ಯೆ ಯಾವಾಗಲಾದ್ರೂ ಹಳೇ ಮೀಟರ್ ತೆಗೆದು ಹೊಸದು ಹಾಕಿದ್ರಾ?

ಕಾರ್ಯದರ್ಶಿ: ಹೌದು, ಹೋದ ವರ್ಷ ದಸರಾ ಆದ ಮೇಲೆ.

ಆಡಿಟರ್: ಹಾಗಾದ್ರೆ ತೆಗೆದ ದಿನದ ಕೊನೇ ರೀಡಿಂಗೂ ಹೊಸದರ ಮೊದಲ ರೀಡಿಂಗೂ ಬರೆಸ್ಕೊಂಡು ಬನ್ನಿ. ಅದು ಸಿಗೋವರೆಗೂ ಆ ತಿಂಗಳನ್ನ ಲೆಕ್ಕಕ್ಕೆ ಸೇರಿಸೋದು ಬೇಡ.